ನಮ್ಮ ಅಂಕೋಲೆ ಮರ, ಅದರ ಅಮೆರಿಕದ ದಾಯಾದಿ

ನಮ್ಮ ರೊದ್ದಂ ಸುತ್ತಿನ ಗುಡ್ಡದ ಇಳಿಜಾರಿನಲ್ಲಿ, ಹಳೇ ಹೊಲಗಳ ಬದುವಿನ ಮೇಲೆ, ಕಲ್ಲುಗುಡ್ಡೆಗಳ ಸಂದಿಯಲ್ಲಿ ಒಂದು ಮರ ಬೆಳೆಯುತ್ತೆ. ಕನ್ನಡದಲ್ಲಿ ಅದಕ್ಕೆ ಅಂಕೋಲೆ ಅಂತಾರೆ, ತೆಲುಗಿನಲ್ಲಿ ಊಡುಗ ಅಂತಾರೆ. ಎರಡು ಭಾಷೆ ಆಡೋ ಊರು ನಮ್ಮದು, ಎರಡು ಹೆಸರೂ ಬಾಯಲ್ಲಿದ್ದವು. ಈಗ ಎರಡೂ ಹೋಗ್ತಾ ಇವೆ. ಶಾಲೆಗೆ ಹೋಗೋ ಹುಡುಗರನ್ನ ಕೇಳಿದರೆ "ಅದು ಯಾವುದೋ ಮುಳ್ಳುಗಿಡ" ಅಂತಾರೆ. ಆ ಮುಳ್ಳುಗಿಡಕ್ಕೆ ಸಾವಿರದ ಐನೂರು ವರ್ಷದ ಚರಿತ್ರೆ ಇದೆ. ಅದನ್ನ ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೀತೀನಿ.

ಮೊದಲು ಮರದ ಗುರುತು ಹೇಳಿಬಿಡ್ತೀನಿ. ಅಂಕೋಲೆ ದೊಡ್ಡ ಮರವಲ್ಲ. ಕುರಿ ಮೇಯೋ ಕಡೆ ಪೊದೆಯಂಗೆ ಇರುತ್ತೆ, ಕಾಪಾಡಿದರೆ ಎರಡು ಮೂರು ಆಳು ಎತ್ತರ ಹೋಗುತ್ತೆ. ಸಣ್ಣ ರೆಂಬೆಗಳ ತುದಿ ಮುಳ್ಳಿನಂತೆ ಚೂಪು. ಎಲೆ ಉದ್ದ, ಮಾವಿನೆಲೆಗಿಂತ ಸಣ್ಣದು. ಮಾಘ ಕಳೆಯೋ ಹೊತ್ತಿಗೆ ಎಲೆಯೆಲ್ಲ ಉದುರಿ ಬರೀ ಕಡ್ಡಿ ನಿಲ್ಲುತ್ತೆ. ಶಿವರಾತ್ರಿಯಿಂದ ಯುಗಾದಿ ಒಳಗೆ ಆ ಬರೀ ಕಡ್ಡಿಯ ತುಂಬ ಬಿಳೀ ಹೂವು. ಎಸಳು ದಾರದಂತೆ ಸಣ್ಣಗಿದ್ದು ಹಿಂದಕ್ಕೆ ಸುರುಳಿ ಸುತ್ತಿಕೊಂಡಿರುತ್ತೆ. ವಾಸನೆ ಗಾಳಿ ಬಂದ ಕಡೆ ದೂರಕ್ಕೆ ಹೋಗುತ್ತೆ. ಆಮೇಲೆ ಬೇಸಿಗೆಯಲ್ಲಿ ಕಪ್ಪುಗೆಂಪು ಹಣ್ಣು ಬಿಡುತ್ತೆ. ತಿರುಳು ಲೋಳೆ ಲೋಳೆ, ಸ್ವಲ್ಪ ಸಿಹಿ ಸ್ವಲ್ಪ ಒಗರು. ಹಕ್ಕಿಗಳೂ ತಿಂತವೆ, ದನ ಕಾಯೋ ಹುಡುಗರೂ ತಿಂತಿದ್ದರು.

ಈಗ ದಾಯಾದಿ ವಿಷಯ. ಅಮೆರಿಕದ ಪೂರ್ವ ಭಾಗದ ಕಾಡುಗಳಲ್ಲಿ ಡಾಗ್‌ವುಡ್ ಅಂತ ಒಂದು ಹೂವಿನ ಮರ ಇದೆ. ಅದೂ ನಮ್ಮ ಅಂಕೋಲೆಯಂತೆ ಕುಳ್ಳನೆಯ ಮರ, ಅದೂ ಎಲೆ ಪೂರಾ ಬಿಡೋ ಮೊದಲೇ ಬೆಳ್ಳಗೆ ಅರಳುತ್ತೆ. ನೋಡೋಕೆ ನಾಲ್ಕು ಬಿಳೀ ಎಸಳು ಕಾಣುತ್ತೆ. ಅವು ಎಸಳೇ ಅಲ್ಲ, ಬಣ್ಣ ತಿರುಗಿದ ಎಲೆಗಳು. ನಿಜವಾದ ಹೂವು ನಡುವೆ ಗುಂಪಾಗಿ ಸಾಸಿವೆಯಷ್ಟಷ್ಟೇ ಇರ್ತವೆ. ಸಸ್ಯಶಾಸ್ತ್ರದವರು ಹಿಂದೆ ಅಂಕೋಲೆಯನ್ನ ಬೇರೆ ಕುಟುಂಬ ಅಂತ ಇಟ್ಟಿದ್ದರು. ಈಚೆಗೆ ಗಿಡಗಳ ವಂಶಗುಣವನ್ನೇ ಪರೀಕ್ಷೆ ಮಾಡಿ ನೋಡಿ, ಅಂಕೋಲೆಯನ್ನ ಡಾಗ್‌ವುಡ್ ಕುಟುಂಬಕ್ಕೇ ಸೇರಿಸಿದ್ದಾರೆ. ಹಾಗಾಗಿ ಇಬ್ಬರೂ ಒಂದೇ ಮನೆತನ. ಒಬ್ಬರು ಪೆನ್ನೆ ಹೊಳೆಯ ಕಡೆ ಉಳಿದರು, ಒಬ್ಬರು ಸಮುದ್ರದಾಚೆ ಉಳಿದರು ಅಂತ ತಿಳಕೊಳ್ಳಿ.

ಆ ಕಡೆಯವನ ಚರಿತ್ರೆ ಅಲ್ಲಿಯವರು ಚೆನ್ನಾಗಿ ಬರೆದಿಟ್ಟಿದ್ದಾರೆ. ಅಲ್ಲಿನ ಮೂಲನಿವಾಸಿಗಳು ಡಾಗ್‌ವುಡ್ ಹೂವಾದರೆ ಮೆಕ್ಕೆಜೋಳ ಬಿತ್ತೋ ಕಾಲ ಬಂತು ಅಂತ ತಿಳೀತಿದ್ದರು. ನಾವು ರೋಹಿಣಿ ಮಳೆ ನೋಡಿ ಬಿತ್ತನೆ ಎಣಿಸೋ ಹಾಗೆ, ಅವರಿಗೆ ಆ ಮರವೇ ಪಂಚಾಂಗ. ವರ್ಜೀನಿಯಾ ರಾಜ್ಯದವರು 1918ರಲ್ಲಿ ಆ ಹೂವನ್ನ ತಮ್ಮ ರಾಜ್ಯದ ಹೂವು ಅಂತ ಸಾರಿದರು. 1912ರಲ್ಲಿ ಜಪಾನಿನ ಟೋಕಿಯೋ ನಗರದವರು ಅಮೆರಿಕದ ರಾಜಧಾನಿಗೆ ಮೂರು ಸಾವಿರಕ್ಕೂ ಹೆಚ್ಚು ಚೆರ್ರಿ ಗಿಡ ಕಳಿಸಿದ್ದರು. ಅದಕ್ಕೆ ಮರುಉಡುಗೊರೆ ಅಂತ 1915ರಲ್ಲಿ ಅಮೆರಿಕದವರು ಕಳಿಸಿದ್ದು ಇದೇ ಡಾಗ್‌ವುಡ್ ಗಿಡಗಳನ್ನ. ಮದುವೆಗೆ ಮುಯ್ಯಿ ಮಾಡಿದರೆ ಮುಯ್ಯಿ ತೀರಿಸ್ತೀವಲ್ಲ, ಹಾಗೆ ಎರಡು ದೇಶಗಳ ನಡುವೆ ಮರ ಮುಯ್ಯಿಯಾಗಿ ಹೋಯ್ತು.

ಆ ಮರದ ಇನ್ನೊಂದು ಕಥೆ ನಮಗೂ ಮುಟ್ಟುತ್ತೆ. ಡಾಗ್‌ವುಡ್ ಮರ ಬಹಳ ಗಟ್ಟಿ, ಒತ್ತಾದ ನಾರು. ತಿಕ್ಕಿದಷ್ಟೂ ನುಣುಪಾಗುತ್ತೆ, ಸಿಬಿರು ಏಳೋದಿಲ್ಲ. ಅದಕ್ಕೇ ಅದನ್ನ ಮಗ್ಗದ ಲಾಳಿ ಮಾಡೋಕೆ ಬಳಸಿದರು. ನೂಲು ತಗಲಿ ಹರಿಯಬಾರದಲ್ಲ, ಹಾಗಾಗಿ ಲಾಳಿಗೆ ಇಂಥ ಮರವೇ ಬೇಕು. ಅಮೆರಿಕದಿಂದ ಆ ಮರ ಇಂಗ್ಲೆಂಡಿನ ಲಂಕಾಷೈರ್ ಗಿರಣಿಗಳಿಗೂ ಹೋಗ್ತಿತ್ತು. ಆ ಗಿರಣಿಗಳ ಬಟ್ಟೆ ಹಡಗು ಹತ್ತಿ ಮದರಾಸಿಗೆ ಬಂದು, ಅಲ್ಲಿಂದ ನಮ್ಮ ಸಂತೆಗಳಿಗೂ ಬಂತು. 1800ರಲ್ಲಿ ನಿಜಾಮರು ನಮ್ಮ ಸೀಮೆಯನ್ನ ಕಂಪನಿಯವರಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಕಲೆಕ್ಟರಾಗಿದ್ದ. ಆ ಕಾಲದಲ್ಲಿ ಈ ಸೀಮೆಯಲ್ಲಿ ಊರೂರಿಗೂ ನೇಕಾರರಿದ್ದರು. ಆಮೇಲೆ ಗಿರಣಿ ಬಟ್ಟೆ ಬಂದು ಎಷ್ಟೋ ಊರಲ್ಲಿ ಮಗ್ಗದ ಗುಂಡಿ ಮುಚ್ಚಿತು. ಅದರಲ್ಲಿ ಮರದ ತಪ್ಪೇನೂ ಇಲ್ಲ. ಆದರೂ ನಮ್ಮ ಬದುವಿನ ಮರದ ದಾಯಾದಿಯೇ ಲಾಳಿಯಾಗಿ ಆ ಗಿರಣಿಯಲ್ಲಿ ಓಡಾಡಿತು ಅನ್ನೋದು ಮೇಷ್ಟ್ರುಗಳು ಮಕ್ಕಳಿಗೆ ಹೇಳಬೇಕಾದ ಚರಿತ್ರೆ. ಮರದ ಕಥೆ ಹಿಡಿದು ಹೋದರೆ ಮನುಷ್ಯರ ಕಥೆ ಸಿಗುತ್ತೆ.

ಇನ್ನು ನಮ್ಮ ಅಂಕೋಲೆಗೆ ಬರೋಣ. ಅದರ ಹೆಸರು ಹಳೇ ಪುಸ್ತಕಗಳಲ್ಲಿ ಎಲ್ಲೆಲ್ಲಿದೆ ನೋಡಿ.

ವರಾಹಮಿಹಿರ ಅಂತ ಜ್ಯೋತಿಷ್ಯ ಬಲ್ಲ ಪಂಡಿತ ಉಜ್ಜಯಿನಿ ಕಡೆ ಇದ್ದ. ಆರನೇ ಶತಮಾನದವನು. ಅವನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದ ಅಂತ ಒಂದು ಅಧ್ಯಾಯ ಇದೆ. ಯಾವ ಗಿಡಕ್ಕೆ ಯಾವ ಗೊಬ್ಬರ, ಯಾವ ರೋಗಕ್ಕೆ ಯಾವ ಮದ್ದು, ಕಸಿ ಹೇಗೆ ಕಟ್ಟಬೇಕು, ಎಲ್ಲ ಅದರಲ್ಲಿದೆ. ಅದರಲ್ಲೇ ಅಂಕೋಲೆಯೂ ಬರುತ್ತೆ. ಬೀಜವನ್ನ ಅಂಕೋಲೆ ಹಣ್ಣಿನ ಕಲ್ಕದಲ್ಲೋ ಎಣ್ಣೆಯಲ್ಲೋ ನೂರು ಸಲ ನೆನೆಸಿ ಒಣಗಿಸಿ ಬಿತ್ತಿದರೆ ಆ ಕ್ಷಣಕ್ಕೇ ಮೊಳಕೆ ಬರುತ್ತೆ ಅನ್ನೋ ಮಾತು ಅಲ್ಲಿದೆ. ಬೀದಿಯಲ್ಲಿ ಆಡಿಸೋ ಗಾರುಡಿಗರು ಮಾವಿನ ವಾಟೆ ಹೂತು, ಬುಟ್ಟಿ ಮುಚ್ಚಿ, ಬುಟ್ಟಿ ತೆಗೆದರೆ ಗಿಡ ತೋರಿಸ್ತಿದ್ದರಲ್ಲ, ಅವರ ಗುಟ್ಟೂ ಅಂಕೋಲೆ ಎಣ್ಣೆಯೇ ಅಂತ ಜನ ಆಡಿಕೊಳ್ಳೋರು. ರೈತನಾಗಿ ಹೇಳ್ತೀನಿ, ಯಾವ ಎಣ್ಣೆ ಹಚ್ಚಿದರೂ ಬೀಜ ಒಂದು ಕ್ಷಣದಲ್ಲಿ ಮರ ಆಗೋದಿಲ್ಲ. ಅದು ಗಾರುಡಿಗನ ಕೈಚಳಕ. ಆದರೆ ಬಿತ್ತೋ ಮೊದಲು ಬೀಜಕ್ಕೆ ಉಪಚಾರ ಮಾಡಬೇಕು ಅನ್ನೋ ಬುದ್ಧಿ ಅಷ್ಟು ಹಿಂದೆಯೇ ಇತ್ತಲ್ಲ, ಅದು ದೊಡ್ಡದು. ಈಗ ನಾವು ಕಡ್ಲೆಕಾಯಿ ಬೀಜಕ್ಕೆ ಔಷಧಿ ಕಲಸಿ ಬಿತ್ತೋದೂ ಅದೇ ದಾರಿಯ ಕೆಲಸ. ನಮ್ಮ ಕನ್ನಡದಲ್ಲೂ ಚಾವುಂಡರಾಯ ಅನ್ನೋ ಕವಿ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಲೋಕೋಪಕಾರ ಅಂತ ಪುಸ್ತಕ ಬರೆದ. ಅದರಲ್ಲೂ ವೃಕ್ಷಾಯುರ್ವೇದದ ಭಾಗ ಇದೆ. ಆಗ ನಮ್ಮ ಕಡೆ ಹೆಂಜೇರು, ಅಂದರೆ ಈಗಿನ ಹೇಮಾವತಿ, ನೊಳಂಬರ ಊರಾಗಿ ಹೆಸರಾಗಿತ್ತು. ಅಲ್ಲಿ ಕನ್ನಡದಲ್ಲೇ ಶಾಸನ ಕೊರೆಸಿದ್ದಾರೆ. ಬೇಸಾಯದ ವಿದ್ಯೆ ಕನ್ನಡದಲ್ಲಿ ಬರೆಯೋ ಕಾಲಕ್ಕೆ ಈ ನೆಲದಲ್ಲೂ ಕನ್ನಡ ಓದೋರಿದ್ದರು ಅನ್ನೋದು ಇದರಿಂದ ತಿಳಿಯುತ್ತೆ.

ಎರಡನೆಯದು ಭಕ್ತಿಯ ಪುಸ್ತಕ. ಶಂಕರಾಚಾರ್ಯರ ಹೆಸರಲ್ಲಿರೋ ಶಿವಾನಂದಲಹರಿ ಸ್ತೋತ್ರದಲ್ಲಿ ಭಕ್ತಿ ಅಂದರೆ ಏನು ಅಂತ ಹೇಳೋಕೆ ಐದು ಹೋಲಿಕೆ ಕೊಟ್ಟಿದ್ದಾರೆ. ಸೂಜಿ ಸೂಜಿಗಲ್ಲನ್ನ ಸೇರೋದು, ಹೆಂಡತಿ ಗಂಡನನ್ನ ಸೇರೋದು, ಬಳ್ಳಿ ಮರವನ್ನ ಅಪ್ಪೋದು, ನದಿ ಸಮುದ್ರ ಸೇರೋದು, ಇವು ನಾಲ್ಕು. ಇವೆಲ್ಲಕ್ಕಿಂತ ಮೊದಲು ಹೇಳಿರೋದು ಅಂಕೋಲೆ ಬೀಜದ್ದು. ಉದುರಿದ ಬೀಜ ಮತ್ತೆ ತಾಯಿಮರಕ್ಕೇ ಹೋಗಿ ಅಂಟಿಕೊಳ್ಳೋ ಹಾಗೆ ಮನಸ್ಸು ದೇವರಿಗೆ ಅಂಟಿಕೊಳ್ಳಬೇಕು ಅಂತ ಅರ್ಥ. ಬೀಜ ರಾತ್ರಿ ಹೊತ್ತು ತಾನೇ ಮರ ಹತ್ತುತ್ತೆ ಅಂತ ಹೇಳೋರೂ ಇದ್ದಾರೆ. ಬಿದ್ದ ಬೀಜ ಹತ್ತೋದಿಲ್ಲ. ತಿರುಳಿನ ಅಂಟು ಅಂಥಾದ್ದು, ಕೈಗೆ ಮೆತ್ತಿದರೂ ಬಿಡೋದಿಲ್ಲ. ಆ ಅಂಟನ್ನ ಕಂಡವರು ಈ ಮಾತು ಕಟ್ಟಿರಬೇಕು. ಪದ ಹಾಡೋನು ನಾನು, ಒಂದು ಮಾತು ನಿಲ್ಲಬೇಕಾದರೆ ಕಣ್ಣಲ್ಲಿ ಕಂಡ ವಸ್ತುವನ್ನೇ ಹಿಡೀಬೇಕು ಅಂತ ಬಲ್ಲೆ. ಆ ಸ್ತೋತ್ರ ಕಟ್ಟಿದೋರಿಗೂ ಕೇಳಿದೋರಿಗೂ ಈ ಮರ ಕಣ್ಣೆದುರಿಗೆ ಇತ್ತು. ಇವತ್ತು ಆ ಸ್ತೋತ್ರ ಹೇಳೋ ಎಷ್ಟೋ ಜನಕ್ಕೆ ಮರ ಗೊತ್ತಿಲ್ಲ.

ಮೂರನೆಯದು ಮಲಬಾರಿನ ಪುಸ್ತಕ. ಡಚ್ಚರ ಕಾಲದಲ್ಲಿ ಕೊಚ್ಚಿಯಲ್ಲಿದ್ದ ವಾನ್ ರೀಡ್ ಅನ್ನೋ ಅಧಿಕಾರಿ ಅಲ್ಲಿನ ಗಿಡಮೂಲಿಕೆಗಳನ್ನೆಲ್ಲ ಚಿತ್ರ ಬರೆಸಿ ಹಾರ್ಟಸ್ ಮಲಬಾರಿಕಸ್ ಅಂತ ಹನ್ನೆರಡು ಸಂಪುಟ ಮಾಡಿಸಿದ. 1678ರಿಂದ 1693ರವರೆಗೆ ಅಚ್ಚಾಯ್ತು. ಅದಕ್ಕೆ ಗಿಡಗಳ ವಿದ್ಯೆ ಹೇಳಿಕೊಟ್ಟೋರಲ್ಲಿ ಇಟ್ಟಿ ಅಚ್ಯುತನ್ ಅನ್ನೋ ಮಲಯಾಳಿ ವೈದ್ಯರು ಮುಖ್ಯರು. ಅದರಲ್ಲಿ ಅಂಕೋಲೆ ಅಂಗೋಲಂ ಅನ್ನೋ ಹೆಸರಲ್ಲಿ ಇದೆ. ಆಮೇಲೆ ಫ್ರಾನ್ಸಿನ ಲಮಾರ್ಕ್ ಅನ್ನೋ ವಿಜ್ಞಾನಿ 1783ರಲ್ಲಿ ಈ ಗಿಡಕ್ಕೆ ಅಲಾಂಜಿಯಂ ಅಂತ ಹೆಸರಿಟ್ಟ. ಅದೂ ಮಲಯಾಳಂ ಹೆಸರಿಂದಲೇ ಬಂದದ್ದು. ಇವತ್ತು ಪ್ರಪಂಚದಲ್ಲಿ ಎಲ್ಲೇ ಓದಿದೋರು ಈ ಮರದ ಶಾಸ್ತ್ರದ ಹೆಸರು ಹೇಳಿದರೂ ನಮ್ಮ ದಕ್ಷಿಣದ ಹಳ್ಳಿಯವರ ಬಾಯಿಮಾತನ್ನೇ ಹೇಳಿದಂತೆ ಆಗುತ್ತೆ.

ನಾಲ್ಕನೆಯದು ಮದ್ದಿನ ಚರಿತ್ರೆ. ಇಲ್ಲಿ ಎರಡೂ ದಾಯಾದಿಗಳ ಕಥೆ ಒಂದೇ ಕಾಲಕ್ಕೆ ಕೂಡಿಕೊಳ್ಳುತ್ತೆ. ಅಮೆರಿಕದಲ್ಲಿ 1861ರಿಂದ 1865ರವರೆಗೆ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಆಯ್ತು. ಉತ್ತರದವರು ದಕ್ಷಿಣದ ಬಂದರುಗಳನ್ನ ಮುಚ್ಚಿಬಿಟ್ಟರು. ಚಳಿಜ್ವರಕ್ಕೆ ಕೊಡೋ ಕ್ವಿನೈನ್ ಬರೋದು ನಿಂತಿತು. ಆಗ ದಕ್ಷಿಣದ ವೈದ್ಯರು ಡಾಗ್‌ವುಡ್ ತೊಗಟೆಯ ಕಷಾಯ ಕೊಟ್ಟರು. ಅದೇ ದಶಕದಲ್ಲಿ ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಮೂದೀನ್ ಷರೀಫ್ ಅನ್ನೋ ವೈದ್ಯರು ದೇಶೀ ಮದ್ದುಗಳನ್ನ ಒಂದೊಂದಾಗಿ ಪರೀಕ್ಷೆ ಮಾಡ್ತಿದ್ದರು. ಭಾರತದ ಔಷಧಿಗಳ ಗ್ರಂಥಕ್ಕೆ ಅವರು ಬರೆದ ಪುರವಣಿ 1869ರಲ್ಲಿ ಅಚ್ಚಾಯ್ತು. ಆಗ ವಾಂತಿ ಮಾಡಿಸೋಕೆ ಬ್ರೆಜಿಲ್ ದೇಶದಿಂದ ಇಪಿಕಾಕ್ ಅನ್ನೋ ಬೇರು ತರಿಸ್ತಿದ್ದರು. ಅದರ ಬದಲಿಗೆ ನಮ್ಮ ಅಂಕೋಲೆ ಬೇರಿನ ತೊಗಟೆ ಸಾಕು ಅಂತ ಈ ವೈದ್ಯರು ಹೇಳಿದರು. ಹಾಗಂತ ಎಲ್ಲಕ್ಕೂ ಆಗುತ್ತೆ ಅಂತ ಅವರು ಹೇಳಲಿಲ್ಲ. ರಕ್ತಭೇದಿಗೆ ಇಪಿಕಾಕ್‌ನಂತೆ ಇದು ಕೆಲಸ ಮಾಡೋದಿಲ್ಲ ಅಂತಲೂ ಬರೆದರು. ಯಾವುದಕ್ಕೆ ಆಗುತ್ತೆ, ಯಾವುದಕ್ಕೆ ಆಗೋದಿಲ್ಲ, ಎರಡೂ ಹೇಳೋನೇ ನಿಜವಾದ ವೈದ್ಯ.

ಈ ಮಾತನ್ನ ಇಲ್ಲಿ ಒತ್ತಿ ಹೇಳೋಕೆ ಕಾರಣ ಇದೆ. ನಮ್ಮ ಕಡೆ ಅಂಕೋಲೆಯನ್ನ ಜನ ನೆನೆಯೋದು ಒಂದೇ ಒಂದಕ್ಕೆ, ನಾಯಿ ಕಡಿದಾಗ. ಬೇರಿನ ತೊಗಟೆ ಅರೆದು ಕುಡಿಸೋದು, ಗಾಯಕ್ಕೆ ಹಚ್ಚೋದು. ಆಯುರ್ವೇದದ ಹಳೇ ಪುಸ್ತಕಗಳಲ್ಲೂ ನಾಯಿವಿಷಕ್ಕೆ ಅಂಕೋಲೆ ಹೇಳಿದ್ದಾರೆ. ಡಾಗ್‌ವುಡ್ ಅನ್ನೋ ಹೆಸರಲ್ಲೂ ನಾಯಿ ಇದೆ. ಅದರ ಜಾತಿಯ ಮರದ ತೊಗಟೆ ಕುದಿಸಿ ಕಜ್ಜಿನಾಯಿಗಳನ್ನ ತೊಳೀತಿದ್ದರು, ಅದಕ್ಕೇ ಆ ಹೆಸರು ಅಂತ ಕೆಲವರು ಹೇಳ್ತಾರೆ. ಚೂಪಾದ ಕಡ್ಡಿ ಮಾಡ್ತಿದ್ದರು, ಕಠಾರಿಗೆ ಹೇಳೋ ಹಳೇ ಮಾತಿಂದ ಹೆಸರು ಬಂತು ಅಂತ ಇನ್ನು ಕೆಲವರು ಹೇಳ್ತಾರೆ. ಹೆಸರಿನ ಕಥೆ ಏನಾದರೂ ಇರಲಿ, ಹುಚ್ಚುನಾಯಿ ರೋಗಕ್ಕೆ ಈ ಬೇರು ಮದ್ದಲ್ಲ.

ಹಿಂದೆ ಹಿರಿಯರು ಈ ಬೇರು ಕೊಟ್ಟರು ಅಂದರೆ ಆಗ ಬೇರೆ ಏನೂ ಇರಲಿಲ್ಲ. ಫ್ರಾನ್ಸಿನ ಲೂಯಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ ಹುಡುಗನಿಗೆ ಮೊದಲ ಲಸಿಕೆ ಕೊಟ್ಟದ್ದು 1885ರಲ್ಲಿ. ನಮ್ಮ ದೇಶದಲ್ಲಿ ಕಸೌಲಿಯಲ್ಲಿ 1900ರಲ್ಲಿ, ದಕ್ಷಿಣಕ್ಕೆ ಕೂನೂರಿನಲ್ಲಿ 1907ರಲ್ಲಿ ಪಾಶ್ಚರ್ ಸಂಸ್ಥೆ ಶುರುವಾಯ್ತು. ರೊದ್ದಂ ಕಡೆಯ ಬಡವ ನೀಲಗಿರಿ ಬೆಟ್ಟ ಹತ್ತಿ ಹೋಗೋದು ಎಲ್ಲಿಂದ ಬಂತು? ಕೈಗೆ ಸಿಕ್ಕಿದ್ದು ಬದುವಿನ ಬೇರು. ಕಚ್ಚಿದ ನಾಯಿಗಳೆಲ್ಲ ಹುಚ್ಚುನಾಯಿ ಅಲ್ಲವಲ್ಲ, ಹಾಗಾಗಿ ಬೇರು ಕುಡಿದ ಎಷ್ಟೋ ಜನ ಬದುಕಿದರು. ಬದುಕಿದವರ ಕಥೆ ಊರೆಲ್ಲ ಹಬ್ಬಿತು. ಸತ್ತವರ ಕಥೆ ಹಣೆಬರಹ ಅಂತ ಮುಚ್ಚಿಹೋಯ್ತು. ನಾನು ಚಿಕ್ಕವನಿದ್ದಾಗ ಬೇರು ಕುಡಿಸಿದ ಒಬ್ಬ ಹುಡುಗ ನೀರು ಕಂಡರೆ ಹೆದರಿ ಹೆದರಿ ಸತ್ತದ್ದನ್ನ ನಮ್ಮ ಕೇರಿಯವರೆಲ್ಲ ಕಂಡಿದ್ದಾರೆ. ಆ ಲಕ್ಷಣ ಕಾಣಿಸಿದ ಮೇಲೆ ಉಳಿಸೋಕೆ ಯಾರಿಂದಲೂ ಆಗೋದಿಲ್ಲ.

ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆಗೆ ದುಡ್ಡು ಕೊಡಬೇಕಾಗಿಲ್ಲ. ನಾಯಿ ಕಚ್ಚಿದ ಕೂಡಲೇ ಗಾಯವನ್ನ ಸೋಪು ಹಾಕಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೀಬೇಕು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಹೇಳಿದ ದಿನಗಳಲ್ಲಿ ಎಲ್ಲ ಸೂಜಿಯನ್ನೂ ಹಾಕಿಸಿಕೊಳ್ಳಬೇಕು, ಒಂದನ್ನೂ ಬಿಡಬಾರದು. ಮರದ ಮೇಲಿನ ಗೌರವಕ್ಕೆ ಮಗುವಿನ ಜೀವ ಕೊಡಬಾರದು. ಅಂಕೋಲೆ ಬೇರು ಹೆಚ್ಚಾದರೆ ವಾಂತಿ ಕಿತ್ತುಕೊಂಡು ಬರುತ್ತೆ, ಅದನ್ನ ಮನೆಯಲ್ಲಿ ಅರೆದು ಕುಡಿಯೋದೂ ಬೇಡ.

ಹಾಗಾದರೆ ಮದ್ದಿಗಿಲ್ಲದ ಮರ ಯಾಕೆ ಬೇಕು ಅಂತ ಕೇಳಬಹುದು. ಮರ ಮದ್ದಿಗೆ ಮಾತ್ರ ಇರೋದಲ್ಲ. ಇದರ ಕಟ್ಟಿಗೆಯೂ ದಾಯಾದಿಯಂತೆ ಗಟ್ಟಿ. ಗಾಣದ ಒನಕೆಗೂ, ದನದ ಕೊರಳಿಗೆ ಕಟ್ಟೋ ಮರದ ಗಂಟೆಗೂ ಬಳಸ್ತಿದ್ದರು ಅಂತ ಹಳೇ ಅರಣ್ಯ ಪುಸ್ತಕಗಳಲ್ಲಿದೆ. ಮಳೆ ಕಮ್ಮಿ ಇರೋ ನಮ್ಮ ಸೀಮೆಯಲ್ಲಿ ನೀರು ಹೊಯ್ಯದೆ ನಿಲ್ಲೋ ಮರ ಇದು. ಬೇರು ಬದುವಿನ ಮಣ್ಣು ಹಿಡಿಯುತ್ತೆ. ಬಿರುಬೇಸಿಗೆಯಲ್ಲಿ, ಬೇರೆ ಮೇವು ಇಲ್ಲದ ಹೊತ್ತಲ್ಲಿ, ಜೇನುಹುಳಕ್ಕೆ ಹೂವು ಕೊಡುತ್ತೆ, ಹಕ್ಕಿಗೆ ಹಣ್ಣು ಕೊಡುತ್ತೆ.

ಒಂದು ಊರಿಗೇ ಹೆಸರು ಕೊಟ್ಟ ಮರವೂ ಇದೇ. ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯಲ್ಲಿ ಸಮುದ್ರದ ದಡದಲ್ಲಿ ಅಂಕೋಲಾ ಅಂತ ಊರಿದೆ. ಅಂಕೋಲೆ ಗಿಡದಿಂದ ಆ ಹೆಸರು ಬಂತು ಅಂತ ಅಲ್ಲಿಯವರು ಹೇಳ್ತಾರೆ. ಗಾಂಧೀಜಿ ದಾಂಡಿಯಲ್ಲಿ 1930ರ ಏಪ್ರಿಲ್ 6ರಂದು ಉಪ್ಪು ಎತ್ತಿದರು. ಒಂದೇ ವಾರಕ್ಕೆ, ಏಪ್ರಿಲ್ 13ಕ್ಕೆ, ಅಂಕೋಲಾದಲ್ಲಿ ಜನ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾನೂನು ಮುರಿದರು. ಆಮೇಲೆ ಆ ತಾಲೂಕಿನ ರೈತರು ಕರ ಕೊಡೋದಿಲ್ಲ ಅಂತ ನಿಂತು ಹೊಲಮನೆ ಕಳಕೊಂಡರು. ಅಂಕೋಲಾವನ್ನ ಕರ್ನಾಟಕದ ಬಾರ್ಡೋಲಿ ಅಂತ ಕರೆದದ್ದು ಅದಕ್ಕೇ.

ಅದೇ ಅಂಕೋಲಾ ತಾಲೂಕು ನಮ್ಮ ಕಾಲದಲ್ಲಿ ಇಬ್ಬರು ತಾಯಂದಿರನ್ನ ಕೊಟ್ಟಿತು. ಇಬ್ಬರೂ ಹಾಲಕ್ಕಿ ಒಕ್ಕಲಿಗರು, ಇಬ್ಬರಿಗೂ ಓದು ಬರಹ ಇರಲಿಲ್ಲ. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ತಮ್ಮ ಜನದ ಹಾಡುಗಳನ್ನೆಲ್ಲ ನೆನಪಿನಲ್ಲೇ ಇಟ್ಟುಕೊಂಡು ಹಾಡಿದರು, ಸಾರಾಯಿ ವಿರುದ್ಧ ಹೋರಾಡಿದರು. 2017ರಲ್ಲಿ ಪದ್ಮಶ್ರೀ ಬಂತು. ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ಸಸಿ ಮಡಿಗಳಲ್ಲಿ ದಿನಗೂಲಿಯಾಗಿ ಸೇರಿ, ಯಾವ ಕಾಡುಮರದ ಬೀಜ ಯಾವಾಗ ಆಯಬೇಕು, ತಾಯಿಮರ ಯಾವುದು ಅಂತ ಗುರುತು ಹಿಡಿಯೋದರಲ್ಲಿ ಓದಿದೋರಿಗೇ ಗುರುವಾದರು. ಅವರಿಗೂ ಪದ್ಮಶ್ರೀ ಬಂತು. ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ, ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಹಾಡು ಕಾಪಾಡೋದೂ ಬೀಜ ಕಾಪಾಡೋದೂ ಒಂದೇ ಕೆಲಸ ಅಂತ ಅವರಿಬ್ಬರನ್ನ ನೋಡಿ ತಿಳೀಬೇಕು. ಹಾಡನ್ನ ಒಂದು ತಲೆಮಾರು ಹಾಡದೆ ಬಿಟ್ಟರೆ ಮುಂದಿನವರಿಗೆ ಅದು ಇತ್ತು ಅಂತಲೂ ಗೊತ್ತಾಗೋದಿಲ್ಲ. ಮರದ ಹೆಸರೂ ಹಾಗೇ.

ನಮ್ಮ ಕಡೆ ಈಗ ಏನಾಗ್ತಿದೆ ನೋಡಿ. ಹೊಲ ಅಗಲ ಮಾಡೋಕೆ ಜೇಸಿಬಿ ತಂದು ಬದು ಕೀಳಿಸ್ತೀವಿ. ಜಾಲಿಯ ಜೊತೆ ಅಂಕೋಲೆಯೂ ಬೇರು ಸಮೇತ ಹೋಗುತ್ತೆ. ಕಿತ್ತದ್ದು ಏನು ಅಂತ ಕಿತ್ತೋನಿಗೂ ಗೊತ್ತಿಲ್ಲ, ಕೀಳಿಸಿದೋನಿಗೂ ಗೊತ್ತಿಲ್ಲ. ಅಮೆರಿಕದವರು ಡಾಗ್‌ವುಡ್ಡನ್ನ ರಾಜ್ಯದ ಹೂವು ಮಾಡಿದರು, ಬೇರೆ ದೇಶಕ್ಕೆ ಮುಯ್ಯಿ ಕಳಿಸಿದರು, ರೋಗ ಬಂದಾಗ ಏನಾಯ್ತು ಅಂತ ಹುಡುಕಿದರು. ಅವರ ಮರಕ್ಕೆ ಬರೆದ ಚರಿತ್ರೆ ಇನ್ನೂರು ಮುನ್ನೂರು ವರ್ಷದ್ದು. ನಮ್ಮ ಮರದ ಹೆಸರು ವರಾಹಮಿಹಿರನ ಕಾಲದಿಂದ ಪುಸ್ತಕದಲ್ಲಿದೆ. ಕೊರತೆ ಇರೋದು ಮರದ ಚರಿತ್ರೆಯಲ್ಲಲ್ಲ, ಅದನ್ನ ಹೇಳೋ ನಮ್ಮ ಬಾಯಲ್ಲಿ.

ಮೇಷ್ಟ್ರುಗಳಿಗೆ ಒಂದು ಮಾತು. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಮಕ್ಕಳನ್ನ ಗುಡ್ಡದ ಕಡೆ ಕರಕೊಂಡು ಹೋಗಿ. ಎಲೆಯಿಲ್ಲದ ಕಡ್ಡಿಯಲ್ಲಿ ಬಿಳೀ ಹೂವು ಎಲ್ಲಿದೆ ಅಂತ ಹುಡುಕಿಸಿ. ಯಾರ ಹೊಲದ ಬದುವಿನಲ್ಲಿ ಎಷ್ಟು ಮರ ಉಳಿದಿವೆ ಅಂತ ಅವರ ಕೈಲೇ ಬರೆಸಿ, ಒಂದು ಪ್ರತಿ ವಾಚನಾಲಯಕ್ಕೆ ಕೊಡಿ. ರೈತ ಅಣ್ಣತಮ್ಮಂದಿರಿಗೂ ಒಂದು ಮಾತು. ಬದು ಸರಿಮಾಡೋವಾಗ ಈ ಮರ ಕಂಡರೆ ಒಂದಾದರೂ ಬಿಡಿ. ಹಣ್ಣಾದಾಗ ಬೀಜ ತೊಳೆದು ನೆರಳಲ್ಲಿ ಆರಿಸಿ ಇಟ್ಟರೆ ಮುಂಗಾರಿಗೆ ವಾಚನಾಲಯದ ಹಿಂದೆ ನಾಲ್ಕು ಬೀಜ ಹಾಕಬಹುದು. ಗಿಡ ಮೇಲೆ ಬಂದರೆ ಒಂದು ತಗಡಿನ ಮೇಲೆ ಎರಡು ಭಾಷೆಯಲ್ಲೂ ಹೆಸರು ಬರೆಸೋಣ. ಈ ಕಡೆ ಅಂಕೋಲೆ, ಆ ಕಡೆ ಊಡುಗ.